ಇಪ್ಪತ್ತಮೂರನೇ ಕಲ್ಲಿನ ರಜಾ

ಚೆನ್ನಕೇಶವನ್ ರಸ್ತೆಯಲ್ಲಿ ನಿಲ್ಲಲು ಒಪ್ಪದೆ ಹೋದದ್ದು ಸೋಮಾರಿತನದಿಂದಲ್ಲ ಎಂಬುದನ್ನು ಮೊದಲೇ ಹೇಳಿಬಿಡುವುದು ನ್ಯಾಯ. ತೋಪುಪಾಳೆಯಂನಲ್ಲಿ ಬಿ.ಎಸ್ಸಿ. ಓದಿದವನು ಅವನೊಬ್ಬನೇ. ಕರುಮತ್ತಂಪಟ್ಟಿ ಕಡೆಯ ಒಂದು ನೂಲಿನ ಗಿರಣಿಯಲ್ಲಿ ನೂಲನ್ನು ತೂಗಿ, ಎಳೆದು, ಎಷ್ಟು ಭಾರಕ್ಕೆ ಹರಿಯುತ್ತದೆಂದು ಬರೆದಿಡುವುದು ಅವನ ಉದ್ಯೋಗ. ಹದಿನಾಲ್ಕು ವರ್ಷ ದಿನವಿಡೀ ನೂಲು ಹರಿಯುವುದನ್ನೇ ಕಾದು ಕುಳಿತವನಿಗೆ, ಅಳೆಯಲಾಗದ್ದು ಈ ಜಗತ್ತಿನಲ್ಲಿ ಯಾವುದೂ ಇಲ್ಲ ಎಂಬ ನಂಬಿಕೆ ಬಂದಿದ್ದರೆ ಅದು ಅವನ ತಪ್ಪಲ್ಲ.

ಊರು ಹೆದ್ದಾರಿಯ ಈಚೆಗೆ, ಶಾಲೆ ಆಚೆಗೆ. ನಡುವೆ ಸೇಲಂನಿಂದ ಕೊಚ್ಚಿಗೆ ಓಡುವ ಲಾರಿಗಳು. ಎಂಬತ್ತಮೂರನೇ ಇಸವಿಯ ಸೆಪ್ಟೆಂಬರಿನಲ್ಲಿ ಹೆಡ್‌ಮಾಸ್ಟರ್ ರಾಮಸಾಮಿ ಹೆತ್ತವರನ್ನೆಲ್ಲ ಕರೆಸಿ, ಮೇಜಿನ ಮೇಲೆ ಒಂದು ಪುಸ್ತಕದ ಚೀಲವನ್ನು ಇಟ್ಟರು. ಚೀಲದ ಮೇಲೆ ಚಕ್ರದ ಗುರುತು ಅಚ್ಚೊತ್ತಿದಂತಿತ್ತು.

"ಒಳಗಿರೋ ಸ್ಲೇಟು ಹದಿನಾರು ಚೂರು. ನಾನೇ ಎಣಿಸಿದೆ," ಎಂದರು ಅವರು. "ಹುಡುಗ ಒಂದು ಹೆಜ್ಜೆ ಹಿಂದೆ ಇದ್ದ. ಅಷ್ಟೇ."

ಸಭೆ ನಡೆದದ್ದು ತಮಿಳಿನಲ್ಲಿ. ಪಿಸುಮಾತುಗಳು ಮಾತ್ರ ಮನೆಯ ಕನ್ನಡದಲ್ಲಿ. ಆ ಕ್ಷಣ ಎರಡೂ ಭಾಷೆ ನಿಂತುಹೋದವು.

"ದಿನಕ್ಕೊಬ್ಬರು ದೊಡ್ಡವರು ಬೆಳಿಗ್ಗೆ ಎಂಟೂಮುಕ್ಕಾಲಿಗೂ ಸಂಜೆ ನಾಲ್ಕೂಕಾಲಿಗೂ ರೋಡಲ್ಲಿ ನಿಂತು ಕೈ ಅಡ್ಡ ಹಿಡಿದ್ರೆ ಸಾಕು. ನಲವತ್ತೇಳು ಮಕ್ಕಳು ದಾಟ್ತಾವೆ."

ಎಲ್ಲರೂ ಒಪ್ಪುವ ಹಂತಕ್ಕೆ ಬಂದಿದ್ದರು. ಆಗ ಚೆನ್ನಕೇಶವನ್ ಎದ್ದು ನಿಂತ.

"ಮನುಷ್ಯ ನಿಲ್ಲೋದು ಹಳೇ ಕಾಲದ ಪದ್ಧತಿ ಸಾರ್. ಮನುಷ್ಯನಿಗೆ ಜ್ವರ ಬರುತ್ತೆ, ಮದುವೆ ಬರುತ್ತೆ, ನಿದ್ದೆ ಬರುತ್ತೆ. ಅವನು ಬರದ ದಿನ? ಯಾರೂ ನಿಲ್ಲದೇನೇ ಲಾರಿ ತಾನಾಗಿ ನಿಧಾನ ಆಗೋ ಹಾಗೆ ಮಾಡ್ಬೇಕು. ಅದೇ ಸೈನ್ಸು."

"ಹೇಗೆ ಸಾರ್?" ಎಂದರು ಹೆಡ್‌ಮಾಸ್ಟರ್.

"ಒಂದು ತಿಂಗಳು ಟೈಮು ಕೊಡಿ."

ಮಗ್ಗದ ಪಾಳಿ ತಪ್ಪಿಸಿಕೊಂಡು ರಸ್ತೆಯಲ್ಲಿ ನಿಲ್ಲುವ ಗೋಳು ತಪ್ಪಿತೆಂದು ಎಲ್ಲರೂ ಚಪ್ಪಾಳೆ ತಟ್ಟಿದರು. ಹಿಂದಿನ ಸಾಲಿನಲ್ಲಿ ಕುಳಿತಿದ್ದ ಅವನ ಹೆಂಡತಿ ಸೆಲ್ಲಮ್ಮ ಒಬ್ಬಳೇ ತಟ್ಟಲಿಲ್ಲ. ಅವರ ಒಬ್ಬಳೇ ಮಗಳು ಕಣ್ಣಮ್ಮ ಎರಡನೇ ಕ್ಲಾಸು. ಆ ನಲವತ್ತೇಳರಲ್ಲಿ ಅವಳೂ ಒಬ್ಬಳು.

"ಏನುಂಗ," ಎಂದಳು ಸೆಲ್ಲಮ್ಮ ದಾರಿಯಲ್ಲಿ, "ಒಂದು ತಿಂಗಳು ಮೊಗು ಹೇಗೆ ದಾಟೋದು?"

"ಲೆಕ್ಕ ಹಾಕ್ತೀನಿ ಇರು," ಎಂದ ಚೆನ್ನಕೇಶವನ್.

ಅವನು ಲೆಕ್ಕ ಹಾಕಿದ. ಗಿರಣಿಯ ಸ್ಟಾಪ್‌ವಾಚ್ ತಂದು, ಹುಣಸೇಮರಗಳ ನಡುವಿನ ದೂರವನ್ನು ಟೇಪು ಹಿಡಿದು ಅಳೆದು, ಮೂರು ದಿನ ಬೆಳಿಗ್ಗೆ ಕುಪ್ಪಸಾಮಿಯ ಟೀ ಅಂಗಡಿಯ ಬೆಂಚಿನ ಮೇಲೆ ಕೂತು ನೂರಾ ಹನ್ನೆರಡು ಲಾರಿಗಳ ವೇಗ ಬರೆದುಕೊಂಡ. ಸರಾಸರಿ ಗಂಟೆಗೆ ಐವತ್ತೆಂಟು ಕಿಲೋಮೀಟರು. ಮಕ್ಕಳು ದಾಟುವ ಜಾಗದಿಂದ ರಸ್ತೆಯ ತಿರುವು ನೂರಾಮೂವತ್ತು ಮೀಟರು. ಅಂದರೆ ತಿರುವಿನಲ್ಲಿ ಲಾರಿ ಕಣ್ಣಿಗೆ ಬಿದ್ದ ಮೇಲೆ ಇಲ್ಲಿಗೆ ಬಂದು ಮುಟ್ಟಲು ಎಂಟು ಸೆಕೆಂಡು. ಇನ್ನೊಂದು ಪುಟದಲ್ಲಿ ಕಣ್ಣಮ್ಮನನ್ನು ಅಂಗಳದಲ್ಲಿ ಚೀಲ ಹೊರಿಸಿ ಏಳು ಮೀಟರು ನಡೆಸಿ ಅಳೆದದ್ದಿತ್ತು: ಒಂಬತ್ತು ಸೆಕೆಂಡು.

ಎಂಟರಿಂದ ಒಂಬತ್ತನ್ನು ಕಳೆದ. ಒಂದು ಸೆಕೆಂಡು ಕಡಿಮೆ ಬಿತ್ತು. ಇನ್ನೊಮ್ಮೆ ಕಳೆದ. ಮತ್ತೆ ಒಂದೇ ಸೆಕೆಂಡು. ಪುಸ್ತಕವನ್ನು ಮುಚ್ಚಿ ಅಕ್ಕಿ ಡಬ್ಬದ ಹಿಂದೆ ಇಟ್ಟ. ಸೆಲ್ಲಮ್ಮನಿಗೆ ಹೇಳಲಿಲ್ಲ. ಅಲ್ಲಿಂದ ಮುಂದೆ ಬೆಳಿಗ್ಗೆ ಎಂಟೂಮುಕ್ಕಾಲಿಗೆ ಅವನ ಗಂಟಲಿನಲ್ಲಿ ಇಡ್ಲಿ ಇಳಿಯುವುದು ನಿಂತಿತು.

ಹೆದ್ದಾರಿ ಇಲಾಖೆಗೆ ಅರ್ಜಿ ಬರೆದ. ಪರಿಶೀಲನೆಯಲ್ಲಿದೆ ಎಂದು ಉತ್ತರ ಬಂತು. ತಾನೇ ಒಂದು ಹಲಗೆಯ ಮೇಲೆ 'ಶಾಲೆ ಇದೆ, ನಿಧಾನ' ಎಂದು ತಮಿಳಿನಲ್ಲಿ ಬರೆದು ಮರಕ್ಕೆ ಕಟ್ಟಿದ. ಸರಾಸರಿ ಐವತ್ತೆಂಟರಿಂದ ಐವತ್ತೇಳಕ್ಕಿಳಿಯಿತು. ಆ ಒಂದು ಕೂಡ ಓದು ಬಂದ ಡ್ರೈವರು ಓದಲೆಂದು ನಿಧಾನ ಮಾಡಿದ್ದಿರಬಹುದು.

ತಿಂಗಳು ಮುಗಿಯಲು ಹತ್ತು ದಿನ ಇರುವಾಗ ಆಯುಧಪೂಜೆ ಬಂತು.

ಮಗ್ಗದವರು ಮಗ್ಗಕ್ಕೆ, ಬಸ್ಸಿನವರು ಬಸ್ಸಿಗೆ ಪೂಜೆ ಮಾಡುವ ದಿನ ರೋಡ್ ಗ್ಯಾಂಗಿನವರು ಮೈಲ್‌ಕಲ್ಲಿಗೆ ಪೂಜೆ ಮಾಡುತ್ತಾರೆ. ಅವರಿಗೆ ಗುದ್ದಲಿ, ಬಾಂಡ್ಲಿ, ಮೈಲ್‌ಕಲ್ಲು ಎಲ್ಲ ಒಂದೇ ಸಾಲಿನ ಆಯುಧಗಳು. ಮಕ್ಕಳು ದಾಟುವ ಜಾಗಕ್ಕೆ ಸರಿಯಾಗಿ ಕೊಯಮತ್ತೂರಿನ ದೂರ ಹೇಳುವ 'ಕೋವೈ 23' ಎಂಬ ಕಲ್ಲಿತ್ತು. ಗ್ಯಾಂಗಿನ ಹಿರಿಯಳು ಕಾಳಿಯಮ್ಮ ಆ ಕಲ್ಲನ್ನು ತೊಳೆದು, ಮೈತುಂಬ ಅರಿಶಿನ ಬಳಿದು, ನಡುವೆ ಅಂಗೈಯಗಲ ಕುಂಕುಮ ಇಟ್ಟು, ಚೆಂಡುಹೂವಿನ ಹಾರ ಹಾಕಿ, ಅವಲಕ್ಕಿ ಕಡಲೆ ಹಂಚಿ ಹೋದಳು. ಮಾರನೆಯ ಬೆಳಿಗ್ಗೆ ಬಂದು ಹಾರ ತೆಗೆದಳು. ಬಣ್ಣ ಹಾಗೇ ಉಳಿಯಿತು.

ರಜಾ ಮುಗಿದು ಶಾಲೆ ತೆರೆದ ದಿನ ಚೆನ್ನಕೇಶವನ್ ಅಭ್ಯಾಸಬಲದಿಂದ ಸ್ಟಾಪ್‌ವಾಚ್ ಒತ್ತಿದ. ಮೊದಲ ಲಾರಿ ಮೂವತ್ತೆರಡು. ಗಡಿಯಾರ ಕೆಟ್ಟಿದೆ ಎಂದುಕೊಂಡು ಅಲ್ಲಾಡಿಸಿದ. ಎರಡನೆಯದು ಇಪ್ಪತ್ತೊಂಬತ್ತು. ಮೂರನೆಯ ಲಾರಿಯ ಡ್ರೈವರು ತಿರುವಿನಲ್ಲಿ ಹಳದಿ ಬಣ್ಣ ಕಂಡೊಡನೆ ಆಕ್ಸಿಲರೇಟರಿನಿಂದ ಕಾಲು ತೆಗೆದು, ಬಲಗೈಯಿಂದ ಕಣ್ಣಿಗೊತ್ತಿಕೊಂಡು, ಕಿಟಕಿಯಿಂದ ಒಂದು ಕಾಸು ಎಸೆದು ಹೋದ. ಕಾಸು ಕಲ್ಲಿಗೆ ತಾಗಿ ಠಣ್ ಎಂದಿತು.

ಚೆನ್ನಕೇಶವನ್ ಪುಸ್ತಕ ತೆಗೆದ. ಗಂಟೆಗೆ ಮೂವತ್ತೊಂದು ಕಿಲೋಮೀಟರು. ತಿರುವಿನಿಂದ ಹದಿನೈದು ಸೆಕೆಂಡು. ಕಣ್ಣಮ್ಮನಿಗೆ ಬೇಕಾದದ್ದು ಒಂಬತ್ತು, ಆರು ಉಳಿತಾಯ! ಟೀ ಅಂಗಡಿಯ ಬೆಂಚಿನ ಮೇಲೆ ಅವನ ಕಣ್ಣು ತೇವವಾಯಿತು. ಹೊಗೆಯಿಂದ ಎಂದು ಕುಪ್ಪಸಾಮಿ ಒಲೆಯ ಬಾಯಿಗೆ ಅಡ್ಡ ತಗಡು ಇಟ್ಟ.

ಆದರೆ ಐದನೆಯ ದಿನ ಧೂಳು ಕೂತು ಕಲ್ಲು ಮಂಕಾಯಿತು. ವೇಗ ನಲವತ್ತೇಳಕ್ಕೇರಿತು. ಆರನೆಯ ದಿನ ನಸುಕಿನಲ್ಲಿ, ಬಿ.ಎಸ್ಸಿ. ಪದವೀಧರನೊಬ್ಬ ಅರಿಶಿನದ ಡಬ್ಬಿಯನ್ನು ಪಂಚೆಯ ಮಡಿಕೆಯಲ್ಲಿ ಬಚ್ಚಿಟ್ಟುಕೊಂಡು ಹೆದ್ದಾರಿಯ ಕಡೆಗೆ ನಡೆದ. ಅವನ ಪರವಾಗಿ ಇಷ್ಟು ಹೇಳಬಹುದು: ಅವನು ಕಲ್ಲಿಗೆ ಕೈ ಮುಗಿಯಲಿಲ್ಲ. ಬಣ್ಣ ಎಲ್ಲ ಕಡೆಗೂ ಸಮವಾಗಿ ಬಿದ್ದಿದೆಯೇ ಎಂದು ಮಾತ್ರ ನೋಡಿದ.

ತಿಂಗಳ ಸಭೆಯಲ್ಲಿ ಅವನು ಅಂಕಿಗಳನ್ನು ಓದಿದ. ಹೆಡ್‌ಮಾಸ್ಟರ್ ಬೆರಗಾದರು.

"ಏನು ಉಪಾಯ ಸಾರ್ ಅದು?"

"ಮನೋವಿಜ್ಞಾನ," ಎಂದ ಚೆನ್ನಕೇಶವನ್, ಮುಂದೆ ಪ್ರಶ್ನೆ ಬರದಂತೆ.

ದಿನಕ್ಕೆ ಇಷ್ಟು ಅರಿಶಿನವೆಂದರೆ ಸಂಸಾರಕ್ಕೆ ತಿಳಿಯದೆ ಇರುತ್ತದೆಯೇ? "ಏನುಂಗ, ಸಾಂಬಾರು ಪುಡಿಗೆ ಅರಿಶಿನ ಇಲ್ಲ. ಮೊನ್ನೆ ಕಾಲು ಕಿಲೋ ತಂದಿದ್ದೆ," ಎಂದಳು ಸೆಲ್ಲಮ್ಮ. ಅವನು ಪ್ರಯೋಗ ಎಂದ. ಅವಳು ಅವನ ಹಳದಿ ಉಗುರುಗಳನ್ನು ನೋಡಿ ಒಲೆಯ ಕಡೆ ತಿರುಗಿದಳು.

ಅತ್ತ ಕುಪ್ಪಸಾಮಿ ಸುಮ್ಮನಿರಲಿಲ್ಲ. ಪೂಜೆ ಮಾಡುವವರಿಲ್ಲದ ಕಲ್ಲಿಗೆ ದಿನಾ ಹೊಸ ಅರಿಶಿನ ಬರುವುದನ್ನು ಅವನು ಟೀ ಕುಡಿಯಲು ನಿಂತ ಪ್ರತಿಯೊಬ್ಬ ಡ್ರೈವರಿಗೂ ಹೇಳಿದ. ವಾಲ್ಪಾರೈ ಘಾಟಿಯಲ್ಲಿ ಬ್ರೇಕು ಹಿಡಿಯದೆ ಹೋಗಿ, ಚಹಾ ತೋಟದ ಮಣ್ಣುದಿಬ್ಬಕ್ಕೆ ಲಾರಿ ಒರಗಿಸಿ ಬದುಕಿಕೊಂಡ ಒಬ್ಬ ಡ್ರೈವರಿಗೆ, ಹಿಂದಿನ ದಿನ ತಾನು ಈ ಕಲ್ಲಿಗೆ ಕಾಸು ಹಾಕಿದ್ದು ನೆನಪಾಯಿತು. ಅವನು ಬಂದು ಲಾರಿ ನಿಲ್ಲಿಸಿ, ಹನ್ನೊಂದು ತೆಂಗಿನಕಾಯಿ ಒಡೆದ. ಆಮೇಲೆ ಸೇಲಂ ರಸ್ತೆಯುದ್ದಕ್ಕೂ ಅದಕ್ಕೆ ಹೆಸರು ಬಿತ್ತು: ಇಪ್ಪತ್ತಮೂರು ಸಾಮಿ.

ಲಾರಿಗಳು ಈಗ ನಿಧಾನವಾಗುವುದಲ್ಲ, ನಿಂತೇಬಿಡುತ್ತಿದ್ದವು. ಚೆನ್ನಕೇಶವನ್ ಪುಸ್ತಕದಲ್ಲಿ 'ವೇಗ: ಸೊನ್ನೆ' ಎಂದು ಬರೆದು ಕೆಳಗೆ ಎರಡು ಗೆರೆ ಎಳೆದ. ಇನ್ನು ಅಳೆಯಲು ಏನೂ ಉಳಿದಿಲ್ಲವೆಂದು ಸ್ಟಾಪ್‌ವಾಚನ್ನು ಗಿರಣಿಗೆ ವಾಪಸು ಕೊಟ್ಟ. ಬೆಳಿಗ್ಗೆ ಇಡ್ಲಿ ಮತ್ತೆ ಇಳಿಯತೊಡಗಿತು. ಜೊತೆಗೆ ಗಟ್ಟಿ ತೆಂಗಿನಕಾಯಿ ಚಟ್ನಿಯೂ.

"ಚಟ್ನಿ ಚೆನ್ನಾಗಿದೆ," ಎಂದ ಒಂದು ಗುರುವಾರ ರಾತ್ರಿ, ದೋಸೆಗೆ ಮೂರನೆಯ ಸಲ ಹಾಕಿಸಿಕೊಳ್ಳುತ್ತ. "ಕಾಯಿ ಎಲ್ಲಿದು?"

"ನಿಮ್ಮ ಮಗಳು ತರ್ತಾಳೆ. ವಾರದಿಂದ ದುಡ್ಡು ಕೊಟ್ಟು ಕಾಯಿ ವಾಂಗಿಲ್ಲ ನಾನು."

"ಕಣ್ಣಮ್ಮನಿಗೆ ಕಾಯಿ ಯಾರು ಕೊಡ್ತಾರೆ?"

"ಯಾರೂ ಕೊಡಲ್ಲಪ್ಪಾ," ಎಂದಳು ಕಣ್ಣಮ್ಮ ಹೆಮ್ಮೆಯಿಂದ. "ಸಾಮಿಗೆ ಒಡೀತಾರಲ್ಲ, ಚೂರು ರೋಡಲ್ಲಿ ಬೀಳುತ್ತೆ. ಯಾರು ಮೊದಲು ಓಡ್ತಾರೋ ಅವರಿಗೆ. ದಿನಾ ನಾನೇ ಫಸ್ಟು."

ಚೆನ್ನಕೇಶವನ್ ಕೈಯಲ್ಲಿದ್ದ ತುತ್ತನ್ನು ತಟ್ಟೆಗೆ ವಾಪಸು ಇಟ್ಟ. ಒಂದು ವಾರದಿಂದ ತಾನು ಏನು ತಿಂದೆ ಎಂದು ಅವನಿಗೆ ತಿಳಿಯಿತು.

ಮಾರನೆಯ ಬೆಳಿಗ್ಗೆ ಎಂಟೂವರೆಗೇ ಅವನು ಹುಣಸೇಮರದ ಹತ್ತಿರ ಇದ್ದ. ಮಕ್ಕಳು ಆಗಲೇ ಬಂದಿದ್ದರು. ದಾಟಲು ಅಲ್ಲ. ರಸ್ತೆಯ ಎರಡೂ ಅಂಚಿನಲ್ಲಿ, ಕಬಡ್ಡಿ ಆಟಗಾರರ ಹಾಗೆ ಮೊಣಕಾಲು ಬಗ್ಗಿಸಿ ನಿಂತಿದ್ದರು. ಹುಲ್ಲು ಹೇರಿದ ಲಾರಿಯೊಂದು ಬಂದು ಕಲ್ಲಿನೆದುರು ನಿಂತಿತು. ಡ್ರೈವರು ಇಳಿದು ಕಾಯಿಯನ್ನು ಮೂರು ಸುತ್ತು ಸುತ್ತಿಸಿ ಟಾರಿನ ಮೇಲೆ ಅಪ್ಪಳಿಸಿದ. ಚೂರುಗಳು ನಾಲ್ಕು ದಿಕ್ಕಿಗೆ ಹಾರಿದವು. ಹದಿನಾಲ್ಕು ಮಕ್ಕಳು ಒಟ್ಟಿಗೆ ರಸ್ತೆಗೆ ನುಗ್ಗಿದರು.

ಒಂದು ದೊಡ್ಡ ಚೂರು ನಿಂತ ಲಾರಿಯ ಮೂಗಿನಾಚೆ ಉರುಳಿತು. ಕಣ್ಣಮ್ಮ ಅದರ ಹಿಂದೆ ಓಡಿದಳು. ಆ ಹುಲ್ಲಿನ ಲಾರಿ ಮನೆಯಷ್ಟೆತ್ತರ. ಅದರಾಚೆ ಏನು ಬರುತ್ತಿದೆ ಎಂಬುದು ಅವಳಿಗೆ ಕಾಣುವಂತಿರಲಿಲ್ಲ. ಅವನಿಗೆ ಕಾಣುತ್ತಿತ್ತು. ಒಂದು ಬಸ್ಸು, ನಿಂತ ಲಾರಿಯನ್ನು ಬಳಸಿಕೊಂಡು ಮುಂದೆ ಹೋಗಲು, ಹಾರ್ನು ಹೊಡೆಯುತ್ತ ಬಲಕ್ಕೆ ಹೊರಳಿತ್ತು.

ಕೂಗಬೇಕೆಂದು ಬಾಯಿ ತೆರೆದ. ಧ್ವನಿ ಬರಲಿಲ್ಲ. ಕಾಲು ಎತ್ತಿದ. ಕಾಲಿಗೆ ದಾರಿ ತಿಳಿಯಲಿಲ್ಲ. ತಲೆ ಮಾತ್ರ ತನ್ನ ಪಾಡಿಗೆ ಎಣಿಸುತ್ತಿತ್ತು: ಎರಡು, ಒಂದು—

ಬಸ್ಸು ಹೋಯಿತು. ಧೂಳು ಎದ್ದಿತು. ಧೂಳಿನಲ್ಲಿ ಕಣ್ಣಮ್ಮ ಕುಕ್ಕರುಗಾಲಿನಲ್ಲಿ, ಲಂಗದ ಮಡಿಲಲ್ಲಿ ಚೂರು ಹಿಡಿದು ಕೂತಿದ್ದಳು. ಅವಳ ಜಡೆಯ ಕೆಂಪು ರಿಬ್ಬನ್ ರಸ್ತೆಯ ಮಧ್ಯದಲ್ಲಿ ಬಿದ್ದಿತ್ತು.

"ಅಪ್ಪಾ, ನೋಡು, ಅರ್ಧ ಹೋಳೇ ಸಿಕ್ತು!" ಎಂದಳು.

ಆ ದಿನ ಅವನು ಗಿರಣಿಗೆ ಹೋಗಲಿಲ್ಲ. ಬಕೆಟ್ಟು ನೀರು, ತೆಂಗಿನ ನಾರು, ವಾಷಿಂಗ್ ಸೋಡಾ ತಂದು ಎಲ್ಲರೆದುರೇ ಕಲ್ಲನ್ನು ತಿಕ್ಕಲು ಕೂತ. ಕುಪ್ಪಸಾಮಿ ಟೀ ಜರಡಿ ಹಿಡಿದುಕೊಂಡೇ ಓಡಿ ಬಂದ.

"ಅಣ್ಣಾ! ಏನ್ ಅನಾಚಾರ! ಸಾಮಿ ಮೇಲೆ ಸೋಡಾ ಹಾಕ್ತೀರಾ?"

"ಇದು ಸಾಮಿ ಅಲ್ಲ ಕುಪ್ಪಸಾಮಿ, ಕಲ್ಲು! ದಿನಾ ಅರಿಶಿನ ಬಳೀತಿದ್ದೋನು ನಾನೇ! ಮನೆಯಿಂದ ಕದ್ದು ತಂದು ಬಳಿದೆ! ನೋಡು ಉಗುರು!"

ಕುಪ್ಪಸಾಮಿ ಉಗುರು ನೋಡಿದ. ಅವನ ಬಾಯಿ ನಿಧಾನವಾಗಿ ತೆರೆದುಕೊಂಡಿತು. ಜರಡಿಯನ್ನು ಕಂಕುಳಿಗೆ ಸಿಕ್ಕಿಸಿ ಎರಡೂ ಕೈ ಜೋಡಿಸಿದ.

"ಊರಲ್ಲಿ ಸಾವಿರ ಜನ ಇದ್ದೀವಿ. ಸಾಮಿ ನಿಮ್ಮ ಒಬ್ಬರ ಕೈಲಿ ಬಳಿಸ್ಕೊಂಡಿದೆ! ದೇವರೇ ಇಲ್ಲ ಅಂತಿದ್ದ ಮನುಷ್ಯರನ್ನ ನಸುಕಿಗೆ ಎಬ್ಬಿಸಿ ಕರ್ಕೊಂಡು ಬಂದಿದೆ!"

"ನಾನೇ ಎದ್ದು ಬಂದೆ ಕಣಪ್ಪಾ!"

"ಯಾರು ಎಬ್ಬಿಸಿದ್ದು ಅಂತ ನಿಮಗೆ ಹೇಗೆ ತಿಳಿಯುತ್ತೆ ಅಣ್ಣಾ, ನಿದ್ದೇಲಿದ್ರಿ."

ಬಿ.ಎಸ್ಸಿ. ಪದವೀಧರ ನಾರನ್ನು ಮತ್ತೆ ಸೋಡಾದಲ್ಲಿ ಅದ್ದಿ ತಿಕ್ಕತೊಡಗಿದ. ಮಧ್ಯಾಹ್ನದ ಹೊತ್ತಿಗೆ ಅವನು ತಪ್ಪೊಪ್ಪಿಕೊಂಡಷ್ಟೂ ಅವನ ಮಹಿಮೆ ಬೆಳೆದಿತ್ತು. ಮುದುಕಿಯರು ಅವನ ಕೈಯಿಂದ ವಿಭೂತಿ ಕೇಳಿದರು. ಯಾರೋ ಅವನ ಸೋಡಾ ಬಕೆಟ್ಟಿನ ನೀರನ್ನು ತೀರ್ಥವೆಂದು ಚೊಂಬಿಗೆ ತುಂಬಿಕೊಂಡು ಹೋದರು. ಕಲ್ಲಿಗೆ ಸಂಜೆಯೊಳಗೆ ಮೂರು ಕಡೆಯಿಂದ ಹೊಸ ಅರಿಶಿನ ಬಂತು.

ಕೊನೆಗೆ ಅವನು ಸರ್ಕಾರವನ್ನು ನಂಬಿದ. ಅರ್ಜಿ ಕೊಟ್ಟು ಬೇಡಿಕೊಂಡ ಮೇಲೆ ರೋಡ್ ಇನ್‌ಸ್ಪೆಕ್ಟರ್ ದೇವರಾಜನ್ ಮೊಪೆಡ್ ಮೇಲೆ ಬಂದರು. ಕಲ್ಲಿನ ಸುತ್ತ ಒಂದು ಸುತ್ತು ಬಂದು ಗಂಭೀರವಾಗಿ ನೋಡಿದರು.

"ಇದು ಸರ್ಕಾರದ ಆಸ್ತಿ. ಯಾರೂ ಮುಟ್ಟೋ ಹಾಗಿಲ್ಲ."

"ಅದನ್ನೇ ಹೇಳ್ತಿದೀನಿ ಸಾರ್. ಬಣ್ಣ ಒರೆಸಿಬಿಡಿ."

"ನಾನೂ ಮುಟ್ಟೋ ಹಾಗಿಲ್ಲ. ಆರ್ಡರ್ ಬರಬೇಕು." ಇನ್‌ಸ್ಪೆಕ್ಟರ್ ಅತ್ತಿತ್ತ ನೋಡಿ, ಚಪ್ಪಲಿ ಬಿಟ್ಟು, ದನಿ ತಗ್ಗಿಸಿದರು. "ಸಾಮಿ, ನನ್ನ ಟ್ರಾನ್ಸ್‌ಫರ್ ಎರಡು ವರ್ಷದಿಂದ ನಿಂತಿದೆ. ಪೀಳಮೇಡು ಕಡೆ ಆದ್ರೆ ಸಾಕು. ನಿಮ್ಮ ಕೈಯಾರೆ ಸ್ವಲ್ಪ ಕುಂಕುಮ..."

ಆ ವಾರ ಕಣ್ಣಮ್ಮನನ್ನು ಸೆಲ್ಲಮ್ಮ ಶಾಲೆಗೆ ಕಳಿಸಲಿಲ್ಲ. "ನಿಮ್ಮ ಸಾಮಿ ಎದ್ದು ಹೋದ ಮೇಲೆ ಹೇಳಿ, ಕಳಿಸ್ತೀನಿ," ಎಂದಳು. ಉಳಿದ ನಲವತ್ತಾರು ಮಕ್ಕಳು ದಿನಾ ಹೋಗುತ್ತಿದ್ದರು, ಮೊಣಕಾಲು ಬಗ್ಗಿಸಿ ನಿಲ್ಲುತ್ತಿದ್ದರು. ಚೆನ್ನಕೇಶವನ್ ಓಡಿಸಲು ಹೋದರೆ, ಸಾಮಿಯ ಪ್ರಸಾದ ಮಕ್ಕಳಿಗೆ ತಪ್ಪಿಸಬಾರದೆಂದು ದೊಡ್ಡವರೇ ಅವನನ್ನು ಭಕ್ತಿಯಿಂದ ಪಕ್ಕಕ್ಕೆ ಕರೆದೊಯ್ಯುತ್ತಿದ್ದರು.

"ಕಲ್ಲನ್ನ ಮೊದಲು ಕೂರಿಸಿದ್ದು ಯಾರು?" ಎಂದು ಸೆಲ್ಲಮ್ಮ ಒಂದು ರಾತ್ರಿ ಕೇಳಿದಳು. "ಅವರನ್ನ ಕೇಳಿದ್ರಾ?"

ಕೇಳಿರಲಿಲ್ಲ. ಮಾರನೆಯ ಬೆಳಿಗ್ಗೆ ಅವನು ಸೈಕಲ್ ಹತ್ತಿ ಆರು ಮೈಲಿ ತುಳಿದ. ಕಾಳಿಯಮ್ಮ ಅಲ್ಲಿ ಕುದಿಯುವ ಟಾರಿನ ಡ್ರಮ್ಮಿನ ಪಕ್ಕ, ಕಾಲಿಗೆ ಗೋಣಿ ಸುತ್ತಿಕೊಂಡು ಜಲ್ಲಿ ಹರಡುತ್ತಿದ್ದಳು. ಅವನು ಹೇಳಿದ್ದನ್ನೆಲ್ಲ ಕೇಳಿದಳು. ನಗಲಿಲ್ಲ.

"ಪೂಜೆ ಮಾರನೇ ದಿನ ನಾನು ಬಂದು ಹಾರ ತೆಗೆದೆ, ನೋಡಿದ್ರಾ ಸಾಮಿ?"

"ನೋಡಿದೆ."

"ಯಾಕೆ ತೆಗೆದೆ ಅಂತ ತಿಳಿದ್ರಾ? ಗುದ್ದಲಿಗೂ ಪೂಜೆ ಮಾಡ್ತೀವಿ. ಅವತ್ತು ಒಂದು ದಿನ ಅದಕ್ಕೆ ರಜಾ. ಮಾರನೇ ದಿನ ಮಣ್ಣು ತೆಗೀಬೇಕು. ಹಾರ ಹಾಕಿ ಹಾಗೇ ಕೂರಿಸಿದ್ರೆ ಅದು ಗುದ್ದಲಿಯಾ? ಕಲ್ಲಿನ ರಜಾ ಮುಗಿಸಿ ನಾನು ಕೆಲ್ಸಕ್ಕೆ ಕಳಿಸಿದ್ದೆ. ನೀವು ಹೋಗಿ ಮತ್ತೆ ರಜಾ ಕೊಟ್ಟು ಕೂರಿಸಿಬಿಟ್ರಿ. ಇಷ್ಟು ಓದಿದ್ದೀರಿ."

ಶುಕ್ರವಾರ ಬೆಳಿಗ್ಗೆ ಜನ ಹೆಚ್ಚು. ಆ ಹೊತ್ತನ್ನೇ ಆರಿಸಿಕೊಂಡು ಕಾಳಿಯಮ್ಮ ಬಂದಳು, ಒಂದು ಕೈಯಲ್ಲಿ ಸುಣ್ಣದ ಬಕೆಟ್ಟು, ಇನ್ನೊಂದರಲ್ಲಿ ಇಲಾಖೆಯ ಹಳದಿ, ಕಪ್ಪು ಬಣ್ಣದ ಡಬ್ಬಿಗಳು. ಕುಪ್ಪಸಾಮಿ ಅಡ್ಡ ನಿಂತ. ಅವನ ಹಿಂದೆ ಇಬ್ಬರು ಲಾರಿ ಡ್ರೈವರುಗಳು ಲುಂಗಿ ಎತ್ತಿ ಕಟ್ಟಿದರು.

"ಸುಣ್ಣ ಕೆಳಗಿಡು ಅಮ್ಮಾ. ಸಾಮಿಯನ್ನ ಮುಟ್ಟಿದ್ರೆ ಚೆನ್ನಾಗಿರಲ್ಲ."

"ಹದಿನೆಂಟು ವರ್ಷದಿಂದ ಈ ಕಲ್ಲಿಗೆ ಸುಣ್ಣ ಹೊಡೆಯೋಳು ನಾನು," ಎಂದಳು ಕಾಳಿಯಮ್ಮ. "ನೀನು ಟೀ ಅಂಗಡಿ ಹಾಕೋಕೆ ಮುಂಚಿಂದ. ಇದನ್ನ ಗುಂಡಿ ತೋಡಿ ನಿಲ್ಲಿಸಿದ್ದು ನನ್ನ ಗಂಡ. ನನ್ನ ಮನೆ ಸಾಮಿಗೆ ನೀನು ಕಾವಲಾ?"

ಕುಪ್ಪಸಾಮಿ ಅರ್ಧ ಹೆಜ್ಜೆ ಪಕ್ಕಕ್ಕೆ ಸರಿದ. ಅವಳು ಅವನನ್ನು ದಾಟಿ ಹೋಗಿ ಕಲ್ಲಿನೆದುರು ಕೂತಳು. ಕರ್ಪೂರ ಹಚ್ಚಿದಳು. ಎಲ್ಲರೂ ತಾವಾಗಿ ಕೈ ಮುಗಿದರು. ಕರ್ಪೂರ ಆರುವ ತನಕ ಅವಳು ಕಾದಳು. ಆಮೇಲೆ, ಮಧ್ಯಾಹ್ನ ಮಲಗಿದ ಮೊಮ್ಮಗನನ್ನು ಎಬ್ಬಿಸುವಂತೆ, ಕಲ್ಲಿನ ನೆತ್ತಿಯನ್ನು ಎರಡು ಸಲ ತಟ್ಟಿದಳು.

"ರಜಾ ಸಾಕಪ್ಪಾ. ಏಳು, ಕೆಲ್ಸಕ್ಕೆ ಹೋಗು."

ಸುಣ್ಣ ಬಿತ್ತು. ನೆತ್ತಿಗೆ ಇಲಾಖೆಯ ಹಳದಿ ಬಂತು. ಕಪ್ಪು ಬಣ್ಣದಲ್ಲಿ 'ಕೋವೈ' ಎದ್ದಿತು, ಕೆಳಗೆ '23'. ಜನ ಉಸಿರು ಬಿಡದೆ ನೋಡಿದರು. ಕಾಳಿಯಮ್ಮ ಕೈ ಒರೆಸಿಕೊಂಡು ಎದ್ದಾಗ, ಅಲ್ಲಿ ಕಾಯಿ ಒಡೆಯಲು ಸ್ಥಳವಿದ್ದಂತೆ ಯಾರಿಗೂ ತೋರಲಿಲ್ಲ. ಅದು ಕೊಯಮತ್ತೂರಿಗೆ ಎಷ್ಟು ದೂರ ಎಂದು ಹೇಳುತ್ತಿತ್ತು, ಅಷ್ಟೇ. ಕುಪ್ಪಸಾಮಿ ಒಂದು ಸಲ ನಿಟ್ಟುಸಿರು ಬಿಟ್ಟು ಒಲೆಯ ಕಡೆಗೆ ಹೋದ.

"ಇನ್ನು ಮಕ್ಕಳು?" ಎಂದ ಚೆನ್ನಕೇಶವನ್ ಮೆಲ್ಲಗೆ.

"ಅದು ದೂರ ಹೇಳುತ್ತೆ ಸಾಮಿ. ಅದಕ್ಕೆ ಕೈ ಇದೆಯಾ?" ಎಂದಳು ಕಾಳಿಯಮ್ಮ ಬಕೆಟ್ಟು ಎತ್ತಿಕೊಂಡು. "ನಿಮಗಿದೆ."

ಸೋಮವಾರ ಬೆಳಿಗ್ಗೆ ಎಂಟೂಮುಕ್ಕಾಲಿಗೆ ತೋಪುಪಾಳೆಯಂನ ಏಕೈಕ ಬಿ.ಎಸ್ಸಿ. ಪದವೀಧರ ಹೆದ್ದಾರಿಯ ಮಧ್ಯದಲ್ಲಿ, ಒಗೆದ ಬಿಳಿ ಪಂಚೆ ಉಟ್ಟು ನಿಂತಿದ್ದ. ಹೊರಡುವಾಗ ಸೆಲ್ಲಮ್ಮ ಕೇಳದೆಯೇ ಅವನ ಹಣೆಗೆ ಮೂರು ಬೆರಳು ವಿಭೂತಿ ಎಳೆದಿದ್ದಳು. ಈಚೆ ಅಂಚಿನಲ್ಲಿ ನಲವತ್ತೇಳು ಮಕ್ಕಳು. ಮುಂದೆ ಕಣ್ಣಮ್ಮ, ಹೊಸ ರಿಬ್ಬನ್ ಕಟ್ಟಿಕೊಂಡು.

ತಿರುವಿನಲ್ಲಿ ಲಾರಿ ಕಾಣಿಸಿತು. ಐವತ್ತೆಂಟು, ಎಂದಿತು ಅವನ ತಲೆ. ಎಂಟು ಸೆಕೆಂಡು. ಅವನು ಎರಡೂ ಕೈಗಳನ್ನು ಮೇಲೆತ್ತಿದ. ಏಳು. ಲಾರಿ ನಿಧಾನವಾಗಲಿಲ್ಲ. ಆರು. ಕೈ ಇಳಿಸಲಿಲ್ಲ. ಐದು.

ಡ್ರೈವರಿಗೆ ಬಹುಶಃ ಇಲ್ಲಿ ಲಾರಿ ನಿಲ್ಲಿಸಿ ವಾರಗಳ ಅಭ್ಯಾಸ ಇತ್ತು. ಹಳದಿ ಕಲ್ಲಿದ್ದ ಜಾಗದಲ್ಲಿ ಕೈಯೆತ್ತಿ ನಿಂತ ವಿಭೂತಿಯ ಆಕೃತಿ ಕಣ್ಣಿಗೆ ಬಿದ್ದಿತು. ಬ್ರೇಕಿನ ಉಸಿರು ಕೇಳಿಸಿತು. ಲಾರಿ ಇಪ್ಪತ್ತು ಅಡಿ ದೂರದಲ್ಲಿ ನಿಂತಿತು. ಡ್ರೈವರು ಕಣ್ಣಿಗೊತ್ತಿಕೊಂಡು ಕಿಟಕಿಯಿಂದ ಒಂದು ನಾಲ್ಕಾಣೆ ಎಸೆದ. ಅದು ಚೆನ್ನಕೇಶವನ್‌ನ ಎದೆಗೆ ತಾಗಿ ಟಾರಿನ ಮೇಲೆ ಉರುಳಿತು.

ಕಣ್ಣಮ್ಮ ದಾಟುತ್ತಿದ್ದವಳು ಅದನ್ನು ನೋಡಿ ಬಗ್ಗಿದಳು.

"ಬಿಡು! ನಡಿ!" ಎಂದು ಅವನು ಹೊಟ್ಟೆಯೊಳಗಿಂದ ಕೂಗಿದ. ಈ ಸಲ ಧ್ವನಿ ಬಂತು. ಕಣ್ಣಮ್ಮ ಬೆಚ್ಚಿ ನೆಟ್ಟಗಾಗಿ ಆಚೆಗೆ ನಡೆದಳು. ಅವಳ ಹಿಂದೆ ಉಳಿದ ನಲವತ್ತಾರು.

ಅವನ ಪುಸ್ತಕದ ಕೊನೆಯ ಪುಟದಲ್ಲಿ ಆ ದಿನದ ತಾರೀಕಿದೆ, ಮಕ್ಕಳ ಸಂಖ್ಯೆಯಿದೆ. ವೇಗದ ಜಾಗ ಖಾಲಿ ಇದೆ. ಪಕ್ಕದಲ್ಲಿ ಸಣ್ಣ ಅಕ್ಷರದಲ್ಲಿ ಕಾರಣ ಬರೆದಿದ್ದಾನೆ: ಗಡಿಯಾರ ಹಿಡಿಯಲು ಕೈಗೆ ಬಿಡುವಿರಲಿಲ್ಲ.